ನೀರು ಬೀಳುವ ಜಾಗ

ಹಾಸ್ಟೆಲ್, ರೂಮು 23
ಆಗಸ್ಟ್ 3

ಪ್ರೀತಿಯ ಅಪ್ಪ,

ಭಾನುವಾರದ ಫೋನು ನನಗೆ ಸಾಲಲಿಲ್ಲ. ಫಸ್ಟ್ ಇಯರಿನವರಿಗೆ ಹತ್ತೇ ನಿಮಿಷ, ಅದೂ ವಾರ್ಡನ್ ಮೇಡಂ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿರುತ್ತಾರೆ. ಅದರಲ್ಲಿ ಅರ್ಧ ಹೊತ್ತು ನೀನು "ಊಟ ಆಯ್ತಾ, ನಿದ್ದೆ ಬರುತ್ತಾ" ಅಂತ ಕೇಳಿದೆ. ಕೊನೆಗೆ "ಅಮ್ಮನ ಗಾಯ ಸ್ವಲ್ಪ ಕೆಂಪಗಿದೆ, ಏನಿಲ್ಲ ಬಿಡು" ಅಂದು ಇಟ್ಟೇಬಿಟ್ಟೆ. ನಿನ್ನ ಬಾಯಲ್ಲಿ "ಏನಿಲ್ಲ ಬಿಡು" ಬಂತೆಂದರೆ ಏನೋ ಇದೆ ಎಂದೇ ಅರ್ಥ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ನಿನ್ನನ್ನು ಮುಖ ನೋಡಿ ಅರ್ಥ ಮಾಡಿಕೊಂಡಿದ್ದಕ್ಕಿಂತ ಕಾಗದದಲ್ಲಿ ಅರ್ಥ ಮಾಡಿಕೊಂಡಿದ್ದೇ ಜಾಸ್ತಿ. ಅದಕ್ಕೆ ಬರಿ.

ನನಗೆ ಗೊತ್ತಿರುವುದಿಷ್ಟು. ಅಮ್ಮ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಪರದೆಯ ಉದ್ದ ನೋಡಲು ಸ್ಟೂಲು ಹತ್ತಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ನೀನು ಇಪ್ಪತ್ತು ವರ್ಷದಿಂದ ನಲ್ಲಿ, ಪೈಪು ನೋಡಿಕೊಳ್ಳುವ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿ ಒಳಗೆ ಸ್ಟೀಲ್ ರಾಡು ಹಾಕಿದರು. ಹತ್ತು ದಿನಕ್ಕೆ ಮನೆ ಅಂದಿದ್ದರು. ಇವತ್ತು ಹತ್ತೊಂಬತ್ತನೇ ದಿನ.

ಗಾಯದ ಕೀಟಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟ್ ಅಂತ ಒಂದು ಬಂದಿರುತ್ತದೆ. ಅದರಲ್ಲಿ ಮದ್ದುಗಳ ಪಟ್ಟಿ, ಪ್ರತಿಯೊಂದರ ಮುಂದೆ ಎಸ್ ಅಥವಾ ಆರ್. ಎಸ್ ಅಂದರೆ ಕೀಟಾಣು ಆ ಮದ್ದಿಗೆ ಬಗ್ಗುತ್ತದೆ, ಆರ್ ಅಂದರೆ ಜಪ್ಪಯ್ಯ ಅಂದರೂ ಬಗ್ಗಲ್ಲ. ಅದನ್ನು ನೋಡಿ ಬರೆದು ಕಳಿಸು. ನಗಬೇಡ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿ ಎರಡೇ ತಿಂಗಳಾಗಿದೆ, ಮೈಕ್ರೋಸ್ಕೋಪಿನಲ್ಲಿ ನನ್ನದೇ ರೆಪ್ಪೆಗೂದಲು ನೋಡಿ ಬ್ಯಾಕ್ಟೀರಿಯಾ ಅಂತ ಚಿತ್ರ ಬರೆದು ಕೊಟ್ಟವಳು ನಾನೇ, ನಿಜ. ಆದರೂ ಗೊತ್ತಿಲ್ಲದೆ ಕೂತಿರುವುದು ನನ್ನ ಕೈಲಾಗಲ್ಲ.

ನಿನ್ನ,
ಗಡಿಬಿಡಿ

ಮನೆ
ಆಗಸ್ಟ್ 8

ಗಡಿಬಿಡಿಗೆ,

ಕೇಳಿದ್ದೀಯ, ಬರೆಯುತ್ತೇನೆ. ಓದಿ ಮುಗಿಸಿದ ಮೇಲೆ ಊಟ ಮಾಡಬೇಕು, ಅದು ಷರತ್ತು.

ಪಟ್ಟಿಯಲ್ಲಿ ಹದಿನಾಲ್ಕು ಮದ್ದು. ಹದಿಮೂರರ ಮುಂದೆ ಆರ್. ಒಂದರ ಮುಂದೆ ಎಸ್. ಅದು ಹಳೆಯ ಮದ್ದಂತೆ, ಮೂತ್ರಪಿಂಡಕ್ಕೆ ಪೆಟ್ಟು ಅಂತ ಎಷ್ಟೋ ವರ್ಷ ಮೂಲೆಗೆ ಹಾಕಿದ್ದರಂತೆ. ಹೊಸ ಹುಡುಗರೆಲ್ಲ ಸೋತು ಕೂತ ಮೇಲೆ ಮೂಲೆಯ ಮುದುಕನನ್ನು ಎಬ್ಬಿಸಿದ್ದಾರೆ. ದಿನಾ ಬೆಳಿಗ್ಗೆ ರಕ್ತ ತೆಗೆದು ಮೂತ್ರಪಿಂಡ ಹೇಗಿದೆ ಅಂತ ನೋಡುತ್ತಾರೆ. ಅದು ತಡೆದುಕೊಂಡರೆ ಮದ್ದು ಮುಂದುವರಿಯುತ್ತದೆ. ತಡೆದುಕೊಳ್ಳದಿದ್ದರೆ ಒಳಗಿನ ರಾಡು ತೆಗೆಯಬೇಕು, ಅದಕ್ಕೂ ಬಗ್ಗದಿದ್ದರೆ ಕಾಲು... ಡಾಕ್ಟರು ಅಲ್ಲಿಗೆ ನಿಲ್ಲಿಸಿದರು.

ಅಮ್ಮನನ್ನು ಒಂಟಿ ರೂಮಿಗೆ ಹಾಕಿದ್ದಾರೆ. ಗೌನು, ಗ್ಲೌಸು ಹಾಕಿಕೊಂಡೇ ಒಳಗೆ ಹೋಗಬೇಕು. ಮೊದಲ ದಿನ ನನ್ನನ್ನು ನೋಡಿ, "ಯಾರ್ರೀ ಹೊಲಿದಿದ್ದು ಇದನ್ನ? ಭುಜ ಎರಡಿಂಚು ಇಳಿಬಿದ್ದಿದೆ" ಅಂದಳು. ಆಪರೇಷನ್ ಮಾಡಿದ ಡಾಕ್ಟರಿಗೇ ಹೇಳಿದಳು: "ನನ್ ಅಂಗಡೀಲಿ ಇಂಥಾ ಹೊಲಿಗೆ ಹಾಕಿದ್ರೆ ಗಿರಾಕಿ ಬಟ್ಟೇನ ಮುಖಕ್ಕೆ ಎಸೆದು ಹೋಗೋರು." ಆಗ ಜ್ವರ ನೂರಾ ಮೂರಿತ್ತು.

ಇದೇ ಕೀಟಾಣು ಎರಡು ತಿಂಗಳಲ್ಲಿ ವಾರ್ಡಿನ ಆರು ಜನಕ್ಕೆ ಅಂಟಿದೆ. ಸೋಂಕು ತಡೆಯಲೆಂದೇ ಒಬ್ಬರು ಡಾಕ್ಟರಮ್ಮ ಬಂದಿದ್ದಾರೆ. ಕಂಡವರಿಗೆಲ್ಲ ಅವರದ್ದೊಂದೇ ಮಾತು, "ಕೈ ತೊಳೀರಿ." ನಾವು ಕೈತೊಳಿ ಡಾಕ್ಟರು ಅಂತಲೇ ಹೆಸರಿಟ್ಟಿದ್ದೇವೆ. ಎಲ್ಲರೂ ತೊಳೆದದ್ದೇ ತೊಳೆದದ್ದು. ಸೋಂಕು ಮಾತ್ರ ನಿಂತಿಲ್ಲ, ಇನ್ನೂ ಹೆಚ್ಚಾದ ಹಾಗಿದೆ.

ಈಗ ಎಲ್ಲರ ಬೆರಳೂ ವಾರ್ಡು ಒರೆಸುವ ಆಯಾಳ ಕಡೆ ತಿರುಗಿದೆ. ಒರೆಸುವ ಬಟ್ಟೆ ಸರಿಯಾಗಿ ಒಗೆಯುವುದಿಲ್ಲವಂತೆ. ಪಂಪಿನ ಮನೆಯ ಹತ್ತಿರ ಕೂತು ಅಳುತ್ತಿದ್ದಳು. "ಅಣ್ಣಾ, ಹದಿನಾರು ವರ್ಷದಿಂದ ಒರೆಸ್ತಿದ್ದೀನಿ. ಇವತ್ತು ನಾನು ವಿಷ ಹಾಕೋಳಾದ್ನಾ?" ವಾಷರ್ ಹುಡುಕುವವನ ಹಾಗೆ ಚೀಲ ತಡಕಾಡಿದೆ.

ಈಗ ಊಟ ಮಾಡು.

ಅಪ್ಪ

ಹಾಸ್ಟೆಲ್, ರೂಮು 23
ಆಗಸ್ಟ್ 13

ಪ್ರೀತಿಯ ಅಪ್ಪ,

ಊಟ ಮಾಡಿದೆ. ಆಮೇಲೆ ವಾಂತಿ ಮಾಡಿದೆ. ಎರಡನೆಯದು ಷರತ್ತಿನಲ್ಲಿ ಇರಲಿಲ್ಲ.

ನಿನ್ನ ಕಾಗದ ಹಿಡಿದುಕೊಂಡು ಲ್ಯಾಬ್ ಮೇಡಂ ಹತ್ತಿರ ಹೋದೆ. ಬಾಯಿ ತೆಗೆಯುವ ಮೊದಲೇ ಅಳು ಬಂತು. "ಅಳೋದಾದ್ರೆ ಆ ಕಡೆ ತಿರುಗಿ ಅಳು, ಕಲ್ಚರ್ ಪ್ಲೇಟ್ ಮೇಲೆ ಬೀಳಿಸ್ಬೇಡ" ಅಂದರು. ಆಮೇಲೆ ಕುರ್ಚಿ ಎಳೆದುಕೊಟ್ಟರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮದ್ದು ಹಾಕಿದಾಗೆಲ್ಲ ಸಾಧು ಕೀಟಾಣುಗಳು ಸಾಯುತ್ತವೆ, ಮೊಂಡುಗಳು ಉಳಿಯುತ್ತವೆ. ಮುಂದೆ ಸಂಸಾರ ಬೆಳೆಯುವುದು ಆ ಮೊಂಡುಗಳದ್ದೇ. ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮದ್ದೇ ಮದ್ದು, ಹಾಗಾಗಿ ಅಲ್ಲಿ ಉಳಿಯುವವು ಜಗಮೊಂಡು.

"ಬರೀ ಕೈಗಳನ್ನೇ ಯಾಕೆ ನೋಡ್ತಿದಾರೆ? ಒದ್ದೆ ಜಾಗ ನೋಡ್ಬೇಕು" ಅಂದರು ಮೇಡಂ. ಬೇಸಿನ್ನಿನ ತೂತಿನ ಕೆಳಗೆ ಲೋಳೆ ಕಟ್ಟಿಕೊಂಡು ಇವು ವರ್ಷಗಟ್ಟಲೆ ಕೂತಿರುತ್ತವಂತೆ. ನಮ್ಮ ಸ್ಕೂಲ್ ಹಾಸ್ಟೆಲಿನಲ್ಲಿ ಕೊನೆಯ ಬೇಸಿನ್ ಯಾವಾಗಲೂ ನಾರುತ್ತಿತ್ತಲ್ಲ, ನೆನಪಿದೆಯಾ? ಕುಡಿಯಲು ಇಷ್ಟವಿಲ್ಲದ ಹಾಲನ್ನು ನಾವೆಲ್ಲ ಅಲ್ಲೇ ಸುರಿಯುತ್ತಿದ್ದೆವು. ನಿಮ್ಮ ವಾರ್ಡಿನಲ್ಲೂ ಹಾಗೆ ಏನಾದರೂ ಸುರಿಯುತ್ತಾರಾ, ನೋಡು.

ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. "ನಲ್ಲಿ ತಿರುಗಿಸಿದ್ರೆ ನೀರು ಎಲ್ಲಿಗೆ ಬೀಳುತ್ತೆ?" ಜೀವಮಾನದಲ್ಲಿ ಮೊದಲ ಸಲ ನನಗೆ ಉತ್ತರ ಗೊತ್ತಿತ್ತು. "ನೇರ ತೂತಿಗೇ ಬೀಳುತ್ತೆ ಮೇಡಂ. ನಮ್ಮಪ್ಪ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಅಳೆದು ಕೂರಿಸಿದ್ದು. ಕೂದಲೆಳೆಯಷ್ಟೂ ಆಚೀಚೆ ಇಲ್ಲ" ಅಂದೆ.

ಅವರು ಏನೂ ಹೇಳಲಿಲ್ಲ. ಪ್ಲೇಟು ಜೋಡಿಸುತ್ತ ನಿಂತರು. ಅಪ್ಪ, ಅವರು ಯಾಕೆ ಏನೂ ಹೇಳಲಿಲ್ಲ?

ಗಡಿಬಿಡಿ

ಹಾಸ್ಟೆಲ್, ರೂಮು 23
ಆಗಸ್ಟ್ 24

ಅಪ್ಪ,

ಹನ್ನೊಂದು ದಿನವಾಯಿತು. ಎರಡು ಭಾನುವಾರದ ಫೋನಿನಲ್ಲೂ ನೀನು ಬಿಸಿಲಿನ ವಿಷಯ ಮಾತಾಡಿದೆ. ನಿನಗೆ ಯಾವ ಕಾಲದಿಂದ ಬಿಸಿಲಿನ ಚಿಂತೆ? ಅಮ್ಮನಿಗೆ ಏನಾದರೂ ಆಗಿದ್ದರೆ ನೇರವಾಗಿ ಹೇಳು. ಪೋಸ್ಟಿನವರ ಸೈಕಲ್ ಬೆಲ್ ಕೇಳಿದರೆ ಜೀವ ಬಾಯಿಗೆ ಬರುತ್ತದೆ, ಬೆಲ್ ಕೇಳದಿದ್ದರೂ ಬರುತ್ತದೆ. ನಿನ್ನೆಯ ಪ್ರಾಕ್ಟಿಕಲಿನಲ್ಲಿ ಎರಡು ಸ್ಲೈಡ್ ಒಡೆದೆ.

ಒಂದೇ ಒಂದು ಸಾಲಾದರೂ ಬರಿ.

ಗಡಿಬಿಡಿ

ಮನೆ
ಆಗಸ್ಟ್ 26

ಮಗಳೇ,

ಅಮ್ಮ ಇದ್ದಾಳೆ. ಅದು ಮೊದಲು. ಜ್ವರ ಬಂದು ಹೋಗಿ ಮಾಡುತ್ತಿದೆ. ಎರಡು ಸಲ ಥಿಯೇಟರಿಗೆ ಒಯ್ದು ಗಾಯ ಬಿಚ್ಚಿ ತೊಳೆದಿದ್ದಾರೆ. ಮೂತ್ರಪಿಂಡ ಒಂದು ದಿನ ಕೈಕೊಡುವ ಹಾಗೆ ಮಾಡಿತು, ಮದ್ದಿನ ಅಳತೆ ಇಳಿಸಿದರು, ಮತ್ತೆ ಎದ್ದಿದೆ.

ಇನ್ನು ನನ್ನ ವಿಷಯ. ಮೇಡಂ ಯಾಕೆ ಸುಮ್ಮನಾದರು ಎಂದು ನಿನ್ನ ಕಾಗದ ಓದಿದಾಗಲೇ ನನಗೆ ಅರ್ಥವಾಯಿತು. ಬೇಸಿನ್ನಿನ ಅಂಚಿಗೆ ನೀರು ಬಡಿದು ಚಿಮ್ಮಬಾರದು, ಸದ್ದಾಗದೆ ಒಳಗೆ ಇಳಿಯಬೇಕು ಅನ್ನುವುದು ನನ್ನ ಗುರುವಿನ ಪಾಠ. ಎಂಟು ತಿಂಗಳ ಹಿಂದೆ ವಾರ್ಡಿಗೆ ಉದ್ದ ಕತ್ತಿನ ಹೊಸ ನಲ್ಲಿ ಬಂದಾಗ ಒಂಬತ್ತನ್ನೂ ಹಾಗೇ ಕೂರಿಸಿದೆ. ನೋಡಿದವರೆಲ್ಲ ಭೇಷ್ ಅಂದಿದ್ದರು. ಆ ನೀರು ತೂತಿನ ಕೆಳಗೆ ಏನಿದೆಯೋ ಅದರ ಮೇಲೆಯೇ ಹೋಗಿ ಬಡಿಯುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹದಿನೆಂಟರ ಬೆಳಿಗ್ಗೆ ಡ್ರೆಸ್ಸಿಂಗ್ ರೂಮು ಖಾಲಿ ಇತ್ತು. ಬೇಸಿನ್ನಿನ ಜಾಲರಿ ಬಿಚ್ಚಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಗಟ್ಟಿಯಾಗಿ ಕಲಸಿ ಅದರ ಅಡಿಗೆ ಬಳಿದು ಮತ್ತೆ ಕೂರಿಸಿದೆ. ಅಮ್ಮನ ಅಂಗಡಿಯ ಬಿಳಿ ಅಸ್ತರ್ ಬಟ್ಟೆಯನ್ನು ಪಕ್ಕದ ಕಟ್ಟೆಯ ಮೇಲೆ ಹಾಸಿದೆ. ಸಿಸ್ಟರುಗಳು ತಿರುಗಿಸುವಷ್ಟೇ ನಲ್ಲಿ ತಿರುಗಿಸಿ ಹತ್ತರವರೆಗೆ ಎಣಿಸಿದೆ. ಮೇಲಿಂದ ನೋಡಿದರೆ ಬಟ್ಟೆ ಬೆಳ್ಳಗೇ ಇತ್ತು, ನಿಟ್ಟುಸಿರು ಬಿಟ್ಟೆ. ಬಗ್ಗಿ ನೋಡಿದೆ. ಸಾಸಿವೆಗಿಂತ ಸಣ್ಣ ನೀಲಿ ಚುಕ್ಕಿ, ಒಂದಲ್ಲ ಎರಡಲ್ಲ. ಟೇಪು ಹಿಡಿದೆ. ಎರಡೂವರೆ ಅಡಿ ದೂರದವರೆಗೆ ಹಾರಿತ್ತು. ಗಾಯಕ್ಕೆ ಹಾಕುವ ಬಟ್ಟೆಯ ಟ್ರೇ ಬಿಚ್ಚಿಡುವುದು ಒಂದೂವರೆ ಅಡಿಯಲ್ಲಿ.

ನೀನು ಕೇಳಿದ್ದನ್ನೂ ನೋಡಿದೆ. ಗಲೀಜು ಚೆಲ್ಲುವ ರೂಮು ಕಾರಿಡಾರಿನ ಆ ತುದಿಯಲ್ಲಿದೆ. ಅಷ್ಟು ದೂರ ಯಾರು ನಡೆಯುತ್ತಾರೆ? ಉಳಿದ ಚಹಾ, ಮಿಕ್ಕ ಗ್ಲೂಕೋಸ್, ಸಿರಿಂಜಿನಲ್ಲಿ ಉಳಿದ ಮದ್ದು ಎಲ್ಲ ಕೈ ತೊಳೆಯುವ ಬೇಸಿನ್ನಿಗೇ. ಕೆಳಗೆ ಕೂತವಕ್ಕೆ ಮೂರು ಹೊತ್ತು ಊಟ, ಜೊತೆಗೆ ಮೊಂಡಾಗಲು ಮದ್ದಿನ ಗರಡಿ. ಇನ್ನು ಕೈತೊಳಿ ಡಾಕ್ಟರ ಮಾತು ಕೇಳಿ ತೊಳೆದಷ್ಟೂ ಹನಿ ಹಾರಿದ್ದು ಜಾಸ್ತಿ.

ಅಸ್ತರ್ ಬಟ್ಟೆ ಮಡಚಿ ಚೀಲದಲ್ಲಿಟ್ಟುಕೊಂಡೆ. ಎಂಟು ದಿನ ಇಟ್ಟುಕೊಂಡೇ ತಿರುಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು "ಪ್ಲಂಬರಣ್ಣಾ" ಅಂದರೂ ಬೆಚ್ಚಿಬಿದ್ದೆ. ಆಯಾಗೆ ಕೆಲಸಕ್ಕೆ ಬರಬೇಡ ಅಂದರು, ನಾನು ನೋಡುತ್ತಾ ನಿಂತೆ. ಮೂರು ದಿನದ ಹಿಂದೆ ನಾಲ್ಕನೇ ಬೆಡ್ಡಿನ ಬಸ್ ಕಂಡಕ್ಟರಿಗೆ ಅಂಟಿತು. ಏಳನೆಯವರು. ಆ ಏಳನೆಯವರು ನನ್ನ ಲೆಕ್ಕಕ್ಕೆ, ಬೇರೆ ಯಾರ ಲೆಕ್ಕಕ್ಕೂ ಅಲ್ಲ.

ಇವತ್ತು ಮಧ್ಯಾಹ್ನ ಕೈತೊಳಿ ಡಾಕ್ಟರ ಬಾಗಿಲು ತಟ್ಟುತ್ತೇನೆ. ಮೊದಲು ಈ ಕಾಗದ ಪೋಸ್ಟಿಗೆ ಹಾಕುತ್ತೇನೆ, ಆಮೇಲೆ ಹಿಂದೆ ಸರಿಯಲು ದಾರಿ ಇರಬಾರದು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅಪ್ಪ

ಹಾಸ್ಟೆಲ್, ರೂಮು 23
ಆಗಸ್ಟ್ 30

ಅಪ್ಪ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ತುಂಬ ಬೈದಿದ್ದೆ. ಎರಡನೆಯದರಲ್ಲಿ ಒಂದು ಮಾತೂ ಬೈದಿರಲಿಲ್ಲ, ಅದು ಸುಳ್ಳಾಯಿತು. ಇದು ಮೂರನೆಯದು.

ಎಂಟು ತಿಂಗಳ ಹಿಂದೆ ನಲ್ಲಿ ಕೂರಿಸಿದ್ದಕ್ಕೆ ಬೈಯಲ್ಲ. ಆಗ ನಿನಗೆ ಗೊತ್ತಿರಲಿಲ್ಲ, ಭೇಷ್ ಅಂದ ಡಾಕ್ಟರುಗಳಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲಿನ ಎಂಟು ದಿನಕ್ಕೆ ಬೈಯುತ್ತೇನೆ. ಬೈದೆ. ಆಯಿತು. ಇನ್ನು ಕೆಲಸದ ಮಾತು.

ನೀಲಿ ಚುಕ್ಕಿಯಿಂದ ತಿಳಿದದ್ದು ನೀರು ಹಾರುತ್ತದೆ ಅನ್ನುವುದಷ್ಟೇ. ಬೇಸಿನ್ನಿನ ಕೆಳಗೆ ಪೈಪು ಬಾಗುವ ಕಡೆ ಕಡ್ಡಿ ಹಾಕಿ ಲೋಳೆ ತೆಗೆದು ಬೆಳೆಸಬೇಕು. ಅಮ್ಮನ ಗಾಯದಲ್ಲಿದ್ದದ್ದೂ ಅದೂ ಒಂದೇನಾ ಅಂತ ಹೋಲಿಸಬೇಕು. ಅಲ್ಲಿಯವರೆಗೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು ಅಂತ ಮೇಡಂ ಹೇಳಿದರು. ಇನ್ನೊಂದು ಮಾತೂ ಹೇಳಿದರು: "ನಿಮ್ಮಪ್ಪ ಅಷ್ಟು ಚೆನ್ನಾಗಿ ಟೆಸ್ಟ್ ಮಾಡಿದಾರಲ್ಲ, ಅವರನ್ನೇ ಇಲ್ಲಿಗೆ ಅಡ್ಮಿಷನ್ ಮಾಡಿಸು, ನೀನು ನಲ್ಲಿ ರಿಪೇರಿಗೆ ಹೋಗು."

ಬಾಗಿಲು ತಟ್ಟಿದೆಯಾ? ಒಳಗೆ ಏನಾಯಿತು?

ಗಡಿಬಿಡಿ

ಮನೆ
ಸೆಪ್ಟೆಂಬರ್ 28

ಗಡಿಬಿಡಿಗೆ,

ತಡವಾಯಿತು. ಈ ಸಲ ಹೆದರಿಕೆಯಿಂದಲ್ಲ, ಪಾನಾ ಹಿಡಿದ ಕೈಗೆ ಪೆನ್ನು ಹಿಡಿಯಲು ಪುರುಸೊತ್ತಿರಲಿಲ್ಲ.

ಬಾಗಿಲು ತಟ್ಟಿದೆ. ಬಟ್ಟೆ ಮೇಜಿನ ಮೇಲೆ ಹರಡಿದೆ. ಕೈತೊಳಿ ಡಾಕ್ಟರು ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿದರು. "ಇದನ್ನ ಇನ್ನೊಂದ್ಸಲ ಮಾಡಿ ತೋರಿಸ್ತೀರಾ? ಎಲ್ಲರ ಮುಂದೆ?" ಅಂದರು.

ಮರುದಿನ ಹನ್ನೊಂದು ಜನ ಸೇರಿದರು. ಎಲ್ಲವನ್ನೂ ಹೇಳಿದೆ. ನಾನೇ ಕೂರಿಸಿದ ನಲ್ಲಿ ಎಂದೂ, ಎಂಟು ದಿನ ಮುಚ್ಚಿಟ್ಟೆ ಎಂದೂ. ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ನಂಬಿಕೆ ಬರಲಿಲ್ಲ. "ನೀರು ಕರೆಕ್ಟಾಗಿ ತೂತಿಗೇ ಬೀಳ್ತಿದೆಯಲ್ರೀ, ಇದಕ್ಕಿಂತ ನೀಟಾಗಿ ಇನ್ನೇನಿರುತ್ತೆ?" ಅಂತ ಬೇಸಿನ್ನಿಗೆ ಬಗ್ಗಿ ನೋಡಿದರು. ಎದ್ದು ನಿಂತಾಗ ಬಿಳಿ ಕೋಟಿನ ಎದೆ ತುಂಬ ನೀಲಿ. ವಾರ್ಡಿನ ದೊಡ್ಡ ಸಿಸ್ಟರ್ ಕೆಮ್ಮಿದ ಹಾಗೆ ಮಾಡಿ ಹೊರಗೆ ಓಡಿದರು. ಆಮೇಲೆ ಯಾರೂ ವಾದ ಮಾಡಲಿಲ್ಲ.

ನಿಮ್ಮ ಮೇಡಂ ಹೇಳಿದ ಹಾಗೇ ಲೋಳೆ ತೆಗೆದು ಬೆಳೆಸಿದರು. ಅದೇ ಕೀಟಾಣು. ಅದೇ ಹದಿಮೂರು ಆರ್, ಒಂದು ಎಸ್. ಇನ್ನೂ ಆಳವಾದ ಪರೀಕ್ಷೆಗೆ ಬೇರೆ ಕಡೆ ಕಳಿಸಿದರು, ಒಂದೇ ತಾಯಿ ಮಕ್ಕಳು ಅಂತ ಬಂತು.

ಕೆಲಸ ಹೋಗಲಿಲ್ಲ. ಎಂಟು ದಿನಕ್ಕೆ ಕಾಗದದಲ್ಲಿ ಬೈದು ಫೈಲಿಗೆ ಸೇರಿಸಿದರು, ಸರಿಯಾಗೇ ಬೈದಿದ್ದಾರೆ. ಸರಿಮಾಡುವ ಕೆಲಸವನ್ನೂ ನನಗೇ ಕೊಟ್ಟರು. ಒಂಬತ್ತು ಬೇಸಿನ್ ಕಿತ್ತೆ, ಬಾಗುವ ಕಡೆಯವರೆಗಿನ ಪೈಪು ಎಸೆದು ಹೊಸದು ಹಾಕಿದೆ. ಈಗ ನಲ್ಲಿಯ ಕತ್ತು ಗಿಡ್ಡ. ನೀರು ಬೇಸಿನ್ನಿನ ಇಳಿಜಾರಿಗೆ ಬಿದ್ದು, ನಿಧಾನವಾಗಿ ಜಾರಿ ತೂತು ಸೇರುತ್ತದೆ. ಬೇಸಿನ್ನಿನ ಪಕ್ಕಕ್ಕೆ ಹನಿ ತಡೆಯುವ ಸ್ಟೀಲಿನ ಅಡ್ಡಹಲಗೆ. ಟ್ರೇ ಇಡುವ ಕಟ್ಟೆ ಎದುರು ಗೋಡೆಗೆ ಹೋಯಿತು. "ಬೇಸಿನ್ನಿಗೆ ಏನೂ ಸುರಿಯಬೇಡಿ" ಅಂತ ಬೋರ್ಡು ಹಾಕೋಣ ಅಂದರು. ಬೋರ್ಡಿನ ಮಾತನ್ನು ಎರಡು ದಿನ ಕೇಳುತ್ತಾರೆ. ವಾರ್ಡಿನ ಬಾಗಿಲ ಪಕ್ಕದಲ್ಲೇ ಚೆಲ್ಲುವುದಕ್ಕೆ ಬೇರೆ ತೊಟ್ಟಿ ಕಟ್ಟಿಕೊಟ್ಟೆ. ಈಗ ಯಾರಿಗೂ ಹೇಳಬೇಕಾಗಿಲ್ಲ.

ಆಯಾಳನ್ನು ಕೈತೊಳಿ ಡಾಕ್ಟರೇ ಮನೆಗೆ ಹೋಗಿ ಕರೆತಂದರು. ನಾನು ಕೈ ಮುಗಿದೆ. "ಎಂಟು ದಿನ ಮೊದ್ಲೇ ಬಾಯಿ ಬಿಡೋಕೆ ಏನ್ ಧಾಡಿ ಆಗಿತ್ತು ನಿಂಗೆ?" ಅಂದಳು. ಪೈಪು ಕಿತ್ತ ಗಲೀಜೆಲ್ಲ ನೆಲದ ಮೇಲಿತ್ತು. ಒರೆಸುವ ಬಟ್ಟೆ ನನ್ನ ಕೈಗೆ ಕೊಟ್ಟು ಸ್ಟೂಲ್ ಮೇಲೆ ಕೂತಳು. "ಮೂಲೇಲಿ ಬಿಟ್ಟೆ ನೋಡು, ಅಲ್ಲಿ. ಹಾಂ, ಅಲ್ಲಿ." ಒರೆಸಿದೆ.

ಕೊನೆಯ ಬೇಸಿನ್ ಕೂರಿಸಿ ಇಪ್ಪತ್ತನಾಲ್ಕು ದಿನವಾಯಿತು. ಎಂಟನೆಯವರು ಇಲ್ಲ. ಕಂಡಕ್ಟರಿಗೆ ಬೇಗ ಗೊತ್ತಾದದ್ದರಿಂದ ಬೇಗ ವಾಸಿಯಾಯಿತು, ಔಷಧಿ ಗಾಡಿ ಹೊರಟರೆ "ರೈಟ್, ರೈಟ್" ಅಂತ ಕೂಗುತ್ತಾರೆ. ನಿನ್ನೆ ಅಮ್ಮನ ರಿಪೋರ್ಟ್ ಬಂತು. ಏನೂ ಬೆಳೆದಿಲ್ಲ! ಜ್ವರವಿಲ್ಲ. ರಾಡು ಅಲ್ಲೇ ಇರುತ್ತದೆ. ಕಾಲೂ ಅಲ್ಲೇ ಇರುತ್ತದೆ. ಇನ್ನೆರಡು ಸಲ ಹೀಗೇ ಬಂದರೆ ಮನೆ.

ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ. ಹನ್ನೊಂದು ಜನರ ಮುಂದೆ ಹೇಳಿದ್ದು ಇದಕ್ಕಿಂತ ಸುಲಭವಾಗಿತ್ತು.

ಅಪ್ಪ

ಮನೆ
ನವೆಂಬರ್ 9

ಗಡಿಬಿಡಿ,

ಅಕ್ಷರ ನೋಡಿ ಗಾಬರಿಯಾಗಬೇಡ, ನಾನೇ ಬರೆಯುತ್ತಿರುವುದು. ನಿಮ್ಮಪ್ಪ ಚೆನ್ನಾಗಿದ್ದಾರೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾರೆ, ತಲೆಕೆಳಗಾಗಿ.

ಕಳೆದ ತಿಂಗಳು, ಮೂರನೇ ರಿಪೋರ್ಟೂ ಚೊಕ್ಕಟವಾಗಿ ಬಂದ ದಿನ, ಅವರು ನನಗೆ ಎಲ್ಲ ಹೇಳಿದರು. ನಲ್ಲಿ, ನೀಲಿ, ಎಂಟು ದಿನ, ಎಲ್ಲ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಡ್‌ಪ್ಯಾನ್ ಬೇಕಾಯಿತು, ಮಾತಾಡಿದೆ.

"ರೀ, ನಾನು ಎಷ್ಟು ಜನರ ಬಟ್ಟೆ ಕೆಡಿಸಿಲ್ಲ? ಕೆಟ್ಟಿದ್ದನ್ನ ಬಿಚ್ಚಿ ಮತ್ತೆ ಹೊಲಿಯೋಳು ಟೈಲರು, ಮಡಚಿ ಅಡಗಿಸಿಡೋಳು ಕಳ್ಳಿ. ನೀವು ಎಂಟು ದಿನ ಕಳ್ಳ ಆಗಿದ್ರಿ. ಆಮೇಲೆ ಟೈಲರಾದ್ರಿ. ಇನ್ನು ಅಳೋದು ಸಾಕು, ಪ್ಯಾನ್ ತೆಗೀರಿ" ಅಂದೆ. ಅಷ್ಟರಲ್ಲಿ ಮುಗಿಯಿತು ಅಂತ ತಿಳಿಯಬೇಡ. ಆಗಾಗ ಸಿಟ್ಟು ಬರುತ್ತದೆ, ಬಂದಾಗ ಬಟ್ಟೆ ಒಣಹಾಕಿಸುತ್ತೇನೆ.

ಆ ವಾರವೇ ಮನೆಗೆ ಬಂದೆ. ಗಾಲಿಕುರ್ಚಿ ತಂದಿದ್ದರು, ಬೇಡ ಅಂದೆ. ಊರುಗೋಲು ಹಿಡಿದು ಕಾರಿಡಾರ್ ಪೂರ್ತಿ ನನ್ನ ಕಾಲ ಮೇಲೆ ನಡೆದೆ. ಆಯಾ ಮುಂದೆ ಮುಂದೆ ನೆಲ ಒರೆಸುತ್ತ, "ದಾರಿ ಬಿಡ್ರೀ, ಮಹಾರಾಣಿ ಬರ್ತಾವ್ಳೆ" ಅಂತ ಕೂಗಿಕೊಂಡು ಬಂದಳು. ಒದ್ದೆ ನೆಲದಲ್ಲಿ ಜಾರಿದ್ದರೆ ಇನ್ನೊಂದು ರಾಡು.

ಈಗ ನಿನ್ನೆಯ ಮಾತು. ಇದನ್ನು ಹೇಳಲೆಂದೇ ಪೆನ್ನು ಕಿತ್ತುಕೊಂಡೆ.

ಚೆಕಪ್ಪಿಗೆ ಹೋಗಿದ್ದೆವು. ನಾನು ಮೊದಲು ಮಲಗಿದ್ದ ಬೆಡ್ಡಿನಲ್ಲಿ ಒಬ್ಬರು ಟೀಚರಮ್ಮ ಇದ್ದರು. ನನ್ನ ಹಾಗೇ ತೊಡೆ ಮೂಳೆ, ನನ್ನ ಹಾಗೇ ರಾಡು. ನನಗೆ ಡ್ರೆಸ್ಸಿಂಗ್ ಮಾಡಿದ ಸಿಸ್ಟರೇ ಅವರಿಗೂ ಮಾಡಿದ್ದು, ಅದೇ ರೂಮಿನಲ್ಲಿ, ಅದೇ ಬೇಸಿನ್ನಿನ ಎದುರಿಗೆ. ಹತ್ತನೇ ದಿನ, ಚೀಲ ಕಟ್ಟಿಕೊಂಡು ಮನೆಗೆ ಹೊರಟು ಕೂತಿದ್ದರು. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ಚಹಾಕ್ಕೆ ಸಕ್ಕರೆ ಕಡಿಮೆಯಂತೆ. ಫ್ಯಾನ್ ಕಿರ್ ಅನ್ನುತ್ತದಂತೆ. ಪಕ್ಕದ ಬೆಡ್ಡಿನವರದು ಗೊರಕೆಯಂತೆ.

"ಬೇರೆ ಏನೂ ತೊಂದ್ರೆ ಆಗ್ಲಿಲ್ವಾ?" ಅಂತ ಕೇಳಿದೆ.

"ಇನ್ನೇನು ಆಗುತ್ತೆ? ಹತ್ತು ದಿನ ಬಿದ್ಕೊಂಡಿದ್ದೆ. ಏನೂ ಆಗ್ಲಿಲ್ಲ. ಬರೀ ಬೇಜಾರು."

ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. ಒಳಗೆ ಎರಡು ಹೆಜ್ಜೆ ಇಟ್ಟು, ಕೈಯಲ್ಲಿದ್ದ ನನ್ನ ಫೈಲನ್ನು ಎದೆಗೆ ಅವಚಿಕೊಂಡು, "ಇನ್ನೊಂದ್ಸಲ ಹೇಳಿ ಅಮ್ಮಾ" ಅಂದರು.

ಪಾಪ, ಟೀಚರಮ್ಮ ಇವರಿಗೆ ಕಿವಿ ಮಂದ ಅಂದುಕೊಂಡರು. ಕ್ಲಾಸಿನ ಕೊನೆ ಬೆಂಚಿಗೆ ಕೇಳಿಸುವ ಹಾಗೆ, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕೂಗಿದರು:

"ಏನೂ ಆಗ್ಲಿಲ್ಲ ಅಂದೆ!"

ನಿನ್ನ,
ಅಮ್ಮ